ಚಳಿಗಾಲದ ಹಳೇ ವ್ಯಂಗ್ಯಚಿತ್ರ: ಹಿಮ ಕಂದಾಗ್ತಿದೆ, ಶೀರ್ಷಿಕೆಗೂ ಪದ ಬೇಕು

ಪ್ರಶ್ನೆ (ದಾವಣಗೆರೆ)
ಕಾಲೇಜಿನ ಪ್ರದರ್ಶನಕ್ಕೆ ಇಂಗ್ಲಿಷ್ ವ್ಯಂಗ್ಯಚಿತ್ರಕಾರ ವಿಲಿಯಂ ಎಲ್ಮ್ಸ್‌ನ 1812ರ ಚಿತ್ರವನ್ನ ಎ3 ಅಳತೆಯಲ್ಲಿ ಹಾಕಬೇಕು. ‘ಜನರಲ್ ಫ್ರಾಸ್ಟ್’ (ರಷ್ಯಾದ ಕೊರೆಯೋ ಚಳಿ) ಅನ್ನೋ ದೈತ್ಯ, ಆ ವರ್ಷ ರಷ್ಯಾ ಮೇಲೆ ದಂಡೆತ್ತಿ ಹೋಗಿ ಸೋತು ಹಿಮ್ಮೆಟ್ಟಿದ ನೆಪೋಲಿಯನ್‌ನ ಮೂಗು ಹಿಡಿದು ಕ್ಷೌರ ಮಾಡೋ ಚಿತ್ರ. ಪ್ರಿಂಟ್ ತೆಗೆದ್ರೆ ಹಿಮವೆಲ್ಲ ಕಂದು, ಬ್ರೈಟ್‌ನೆಸ್ ಏರಿಸಿದ್ರೆ ಗೆರೆಗಳೇ ಮಾಯ. ಫ್ರಾಸ್ಟ್‌ಗೆ ಸದ್ಯ ‘ಜನರಲ್ ಮಂಜು’ ಅಂತ ಬರೆದಿದೀವಿ, ಸರಿನಾ?

ಉತ್ತರ 1
ಇದು ಎಚಿಂಗ್, ಅಂದ್ರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚೊತ್ತಿದ ಚಿತ್ರ, ಮೇಲೆ ಕೈಯಲ್ಲಿ ಹಚ್ಚಿದ ಬಣ್ಣ. ಇಂಥ ಚಿತ್ರದಲ್ಲಿ ಬಿಳುಪು ಅಂದ್ರೆ ಶಾಯಿ ತಾಗದ ಕಾಗದ. ಕಾಗದ ಹಳದಿಯಾದ್ರೆ ಹಿಮವೂ ಹಳದಿಯೇ. ಬ್ರೈಟ್‌ನೆಸ್ ಮುಟ್ಟಬೇಡಿ, ಅದು ಎಲ್ಲವನ್ನೂ ಒಟ್ಟಿಗೆ ಎತ್ತುತ್ತೆ, ಸಣ್ಣ ಗೆರೆ ಮೊದಲು ಹೋಗುತ್ತೆ. ಫೋಟೋ ತಿದ್ದೋ ಸಾಫ್ಟ್‌ವೇರ್‌ನಲ್ಲಿ ಲೆವೆಲ್ಸ್ ತೆಗೆದು ಬೂದು ಐಡ್ರಾಪರನ್ನ (ಬಣ್ಣ ಆರಿಸೋ ಪಿಪೆಟ್) ಅಂಚಿನ ಖಾಲಿ ಕಾಗದದ ಮೇಲೆ ಒತ್ತಿ, ಹಳದಿ ಛಾಯೆ ಇಳಿಯುತ್ತೆ. ಆಮೇಲೆ ಬಿಳಿ ಸ್ಲೈಡರ್ ಎಳೆದು ಅಂಚಿನ ಬಿಳುಪು (0 ಕಪ್ಪು, 255 ಅಚ್ಚ ಬಿಳಿ) ಸುಮಾರು 240ಕ್ಕೆ ಬಂದಾಗ ನಿಲ್ಲಿಸಿ. 255ಕ್ಕೆ ಹೋದ್ರೆ ಕಾಗದದ ಜೀವವೇ ಹೋಗುತ್ತೆ. ಎ3ಗೆ 300 ಡಿಪಿಐ ಅಂದ್ರೆ 3508×4961 ಪಿಕ್ಸೆಲ್. ಅದಕ್ಕಿಂತ ತೀರಾ ಕಡಿಮೆಯಿದ್ರೆ ಅಡ್ಡಗೆರೆಗಳು ಒಂದಕ್ಕೊಂದು ಅಂಟಿ ಮಸಿಯಾಗುತ್ತೆ. ಫ್ಲೆಕ್ಸ್ ಬೇಡವೇ ಬೇಡ, 170 ಜಿಎಸ್‌ಎಂ ಮ್ಯಾಟ್ ಕಾಗದ ಹಾಕಿಸಿ.

ಉತ್ತರ 2
‘ಜನರಲ್ ಮಂಜು’ ಬೇಡ, ಓದಿದವರಿಗೆ ಮಂಜುನಾಥ ನೆನಪಾಗ್ತಾನೆ. ಮಂಜು ಅಂದ್ರೆ ನಮಗೆ ಚಿತ್ರದುರ್ಗದ ಕೋಟೆ ಮೇಲೆ ಬೆಳಗಿನ ಜಾವ ಕವಿಯೋದು. ಇಲ್ಲಿರೋದು ಮೈ ಮರಗಟ್ಟಿಸೋ ಕೊರೆತ. ‘ಸೇನಾಪತಿ ಚಳಿರಾಯ’ ಅಂತ ಬರೀರಿ. ಕ್ಷೌರದ ಕತ್ತಿ ಮೇಲೆ ‘ರಷ್ಯನ್ ಸ್ಟೀಲ್’ ಅಂತಿದೆ, ಅದನ್ನೂ ಕನ್ನಡಿಸಿ. ಅದು ಬಿಟ್ಟುಹೋದ್ರೆ ಗೆದ್ದಿದ್ದು ಚಳಿ ಒಂದೇ ಅನ್ನೋ ಅರ್ಥ ಬರುತ್ತೆ.

ಉತ್ತರ 3
ಆ ಮಾತಿಗೆ ಸೇರಿಸೋದು: ಚಿತ್ರದ ಅಡಿಯಲ್ಲಿ 1812ರ ಡಿಸೆಂಬರ್ 1 ಅಂತ ತಾರೀಖು, ಪ್ರಕಾಶಕ ಥಾಮಸ್ ಟೆಗ್‌ನ ಹೆಸರು ಇವೆ. ಆ ಸಾಲನ್ನ ಕತ್ತರಿಸಬೇಡಿ. ಎರಡೇ ದಿನ ಕಳೆದು, ಡಿಸೆಂಬರ್ 3ರ ತಾರೀಖಿನ 29ನೇ ಬುಲೆಟಿನ್‌ನಲ್ಲಿ (ತನ್ನ ಸೇನೆಯ ಅಧಿಕೃತ ಪ್ರಕಟಣೆ) ನೆಪೋಲಿಯನ್ ತಾನೇ ಚಳಿಯನ್ನ ದೂರಿದ. ಗೇಲಿ ಮಾಡಿದವರೂ ಗೇಲಿಗೊಳಗಾದವನೂ ಬೆರಳು ತೋರಿಸಿದ್ದು ಒಂದೇ ಕಡೆ!

ಆದ್ರೆ ಆ ದಂಡಯಾತ್ರೆಯಲ್ಲಿ ಸೈನಿಕರ ಸಂಖ್ಯೆ ಕರಗಿದ್ದನ್ನ ತೋರಿಸೋ, ಫ್ರೆಂಚ್ ಎಂಜಿನಿಯರ್ ಮಿನಾರ್ಡ್‌ನ 1869ರ ನಕ್ಷೆ ನೋಡಿ. ಹೊರಟಾಗ 4,22,000, ಮಾಸ್ಕೋ ತಲುಪಿದಾಗ 1,00,000. ತಲುಪಿದ್ದು ಸೆಪ್ಟೆಂಬರ್‌ನಲ್ಲಿ, ಹಿಮ ಬೀಳೋಕೆ ಮುಂಚೆ. ಉಳಿದವರೆಲ್ಲ ಸತ್ತರು ಅಂತ ಬರೀಬೇಡಿ, ಬೇರೆ ದಾರಿಗೆ ಕಳಿಸಿದ ತುಕಡಿಗಳೂ ಅದರಲ್ಲಿವೆ. ಮಿಕ್ಕಿದ್ದು ಹಸಿವು, ರೋಗ, ಯುದ್ಧ, ಪಲಾಯನ. ಈ ನಕ್ಷೆಯನ್ನ ಚಿತ್ರದ ಪಕ್ಕದಲ್ಲೇ ತೂಗುಹಾಕಿ. ಅದರ ತಾಪಮಾನ ರೇಯೋಮ್ಯೂರ್ (Réaumur) ಅನ್ನೋ ಹಳೇ ಮಾಪಕದ್ದು, ಅಲ್ಲಿನ −30 ಅಂದ್ರೆ −37.5 ಸೆಲ್ಸಿಯಸ್. ಬದಲಿಸಿ ಬರೀರಿ.

ಪ್ರಶ್ನೆ ಕೇಳಿದವರು
ಮಾತಿನ ಗುಳ್ಳೆಯೊಳಗೇ ಕನ್ನಡ ಕೂರಿಸಬಹುದಾ?

ಉತ್ತರ 2
ಬೇಡ. ಒತ್ತಕ್ಷರಕ್ಕೆ ಕೆಳಗೆ ಜಾಗ ಸಾಲಲ್ಲ, ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ. ಚಿತ್ರದ ಕೆಳಗೆ ಬೇರೆ ಪಟ್ಟಿ ಮಾಡಿ, 18 ಪಾಯಿಂಟ್‌ಗೆ ಕಡಿಮೆಯಾಗದಂತೆ ಹಾಕಿ.