ಹತ್ತು ಸಾವಿರದೊಳಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಬಲ್ಲವರು ಹೇಳಿ

ಪ್ರಶ್ನೆ: ದಿನಾ ಔಟರ್ ರಿಂಗ್ ರೋಡಿನಲ್ಲಿ ಬಸ್ಸು, ಆಫೀಸಿನಲ್ಲಿ ಎಸಿ ಸದ್ದು, ಮೇಲೆ ಮೀಟಿಂಗುಗಳು. ಪೂರ್ತಿ ಕಿವಿ ಮುಚ್ಚುವ ವೈರ್‌ಲೆಸ್ ಹೆಡ್‌ಫೋನ್ ಬೇಕು, ₹10,000 ದಾಟಬಾರದು. ಆಂಡ್ರಾಯ್ಡ್ ಫೋನು, ವಿಂಡೋಸ್ ಲ್ಯಾಪ್‌ಟಾಪು. ಕನ್ನಡಕ ಹಾಕ್ತೀನಿ. ದಸರಾ ಸೇಲಿನ ತನಕ ಕಾಯಲಾ? 'ಶೇ. 70 ರಿಯಾಯಿತಿ' ಅನ್ನೋದನ್ನ ನಂಬಬಹುದಾ?

ಬೆಂಗಳೂರಿನಿಂದ: ಶೇಕಡಾ ಲೆಕ್ಕ ಮರೆತುಬಿಡಿ. ಅದು ಎಂಆರ್‌ಪಿ ಮೇಲಿನದು, ಎಂಆರ್‌ಪಿಗೆ ಹೆಡ್‌ಫೋನ್ ಮಾರುವವರು ಯಾರೂ ಇಲ್ಲ. ಸೋನಿ ಸಿಎಚ್720ಎನ್ ಡಬ್ಬದ ಮೇಲೆ ₹14,990 ಅಂತಿದೆ, ಆದರೆ 2023ರಲ್ಲಿ ಅದು ಬಿಡುಗಡೆಯಾದದ್ದೇ ₹9,990ಕ್ಕೆ. ಇವತ್ತು ಅದೇ ₹9,990ಕ್ಕೆ ಕೊಟ್ಟು 'ಭರ್ಜರಿ ಆಫರ್' ಅಂದರೆ ನಗಬೇಕಷ್ಟೆ. ಹಳೇ ಬೆಲೆಗಳನ್ನು ತೋರಿಸೋ ಕೀಪಾದಂಥ ತಾಣದಲ್ಲಿ ಆ ಮಾಡೆಲಿನ ಲಿಂಕ್ ಹಾಕಿ ಆರು ತಿಂಗಳ ಬೆಲೆ ನೋಡಿ. ಎರಡು ಮೂರು ಸಲ ಮುಟ್ಟಿದ ಕನಿಷ್ಠ ಬೆಲೆಯೇ ನಿಮ್ಮ ಗುರಿ. ಸೇಲಿಗೆ ಸ್ವಲ್ಪ ಮುಂಚೆ ಏರಿಸಿ, ಸೇಲಿನ ದಿನ ಇಳಿಸಿದ್ದರೆ ಅಲ್ಲೇ ಗೊತ್ತಾಗುತ್ತೆ.

ಕಾಯಬಹುದು. ದೊಡ್ಡ ಇಳಿಕೆ ಬರೋದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಮತ್ತೆ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ. ಕಾರ್ಡ್ ಆಫರಿನಲ್ಲಿ 'ಶೇ. 10' ಅನ್ನೋದರ ಕೆಳಗೆ ಸಣ್ಣ ಅಕ್ಷರದಲ್ಲಿ ಗರಿಷ್ಠ ಮೊತ್ತ, ಕನಿಷ್ಠ ಖರೀದಿ ಎರಡೂ ಇರುತ್ತೆ, ಓದಿ. ನೋ-ಕಾಸ್ಟ್ ಇಎಂಐ ಕೂಡ ಪೂರ್ತಿ ಪುಕ್ಕಟೆಯಲ್ಲ. ₹9,000ದ ವಸ್ತು, ಆರು ಕಂತು, ಶೇ. 15 ಬಡ್ಡಿ ಅಂದುಕೊಳ್ಳಿ: ಬಡ್ಡಿಯನ್ನು ಮೊದಲೇ ಕಳೆದುಕೊಡ್ತಾರೆ, ಆದರೆ ಆ ಬಡ್ಡಿ ಮೇಲಿನ ಶೇ. 18 ಜಿಎಸ್‌ಟಿ ನಿಮ್ಮದೇ, ಸುಮಾರು ₹70. ಪ್ರೊಸೆಸಿಂಗ್ ಫೀ ₹199 ಇದ್ದರೆ ತೆರಿಗೆ ಸೇರಿ ₹235. ಅಲ್ಲಿಗೆ ₹300 ಹೋಯ್ತು.

ಹುಬ್ಬಳ್ಳಿಯಿಂದ: ರೊಕ್ಕದ ಮಾತು ಆಮ್ಯಾಲೆ ಆಡೋಣ್ರಿ, ಮೊದಲ ಡಬ್ಬಿ ಮ್ಯಾಲೆ ಏನ್ ಬರದಾರ ಓದ್ರಿ. 'ಇಎನ್‌ಸಿ' ಅಂತ ಇದ್ರ ಅದು ಮೈಕಿನ ಸಲುವಾಗಿ. ನೀವು ಮಾತಾಡಿದ್ದು ಆ ಕಡಿಯವ್ರಿಗೆ ಸ್ವಚ್ಛ ಕೇಳ್ತದ, ನಿಮ್ಮ ಕಿವಿಗೆ ಬಸ್ಸಿನ ಸಪ್ಪಳ ಇದ್ದಷ್ಟ ಇರ್ತದ. ನಿಮಗ ಬೇಕಾದ್ದು 'ಎಎನ್‌ಸಿ', ಅಂದ್ರ ನಿಮ್ಮ ಕಿವಿಗೆ ಬರೋ ಸಪ್ಪಳ ತಗ್ಗಿಸೋದು. ಒಂದೂವರಿ ಸಾವಿರದ ಮಾಲಿನ್ಯಾಗ ಇವೆರಡನ್ನೂ ಕೂಡಿಸಿ ಬರೀ 'ನಾಯ್ಸ್ ಕ್ಯಾನ್ಸಲೇಶನ್' ಅಂತ ಬರದು ಮಾರ್ತಾರ.

ಎಎನ್‌ಸಿ ಚಲೋ ಕೆಲಸ ಮಾಡೋದು ಒಂದೇ ಸಮ ಗುಂಯ್‌ಗುಡೋ ದಪ್ಪ ಸದ್ದಿಗೆ: ಎಂಜಿನ್, ಎಸಿ, ಫ್ಯಾನ್, ವಿಮಾನ. ಹಾರ್ನು, ಕುಕ್ಕರ್ ಸೀಟಿ, ಬಾಜೂದವ್ರ ಹರಟಿ ಪೂರಾ ಹೋಗಂಗಿಲ್ಲ. ಅವನ್ನ ತಡಿಯೋದು ಬಹುತೇಕ ಕಿವಿ ಮ್ಯಾಲಿನ ಮೆತ್ತಿನ ಪ್ಯಾಡು. '50 ಡೆಸಿಬೆಲ್ ತನಕ' ಅಂದ್ರ ಯಾವುದೋ ಒಂದು ಕಂಪನಾಂಕದಾಗ ಸಿಕ್ಕ ಗರಿಷ್ಠ, ಎಲ್ಲಾ ಸದ್ದಿಗೂ ಅಲ್ಲ. ನಿಮಗ ಚಷ್ಮಾ ಐತಿ ಅಂತೀರಿ. ಅದರ ಕಡ್ಡಿ ದಪ್ಪ ಇದ್ರ ಪ್ಯಾಡ್ ಸಂದಿಯಾಗಿಂದ ಗಾಳಿ, ಸದ್ದು ಎರಡೂ ಒಳಗ ಬರ್ತಾವ. ಅಂಗಡಿಗೆ ಹೋಗಿ, ಚಷ್ಮಾ ಹಾಕ್ಕೊಂಡ ನೋಡ್ರಿ. ತಗೊಳ್ಳೋದು ಎಲ್ಲಿಂದಾದ್ರೂ ತಗೋರಿ.

ಮೈಸೂರಿನಿಂದ: ಮಾಡೆಲ್ ಹೆಸರು ಕೇಳಿದರೆ ನನ್ನ ಓಟು ಸಿಎಚ್720ಎನ್‌ಗೇ, ₹8,000ದ ಸುತ್ತಮುತ್ತ ಸಿಕ್ಕರೆ. ತೂಕ 192 ಗ್ರಾಂ, ಕನ್ನಡಕದವರಿಗೆ ಅದೇ ದೊಡ್ಡ ಲಾಭ. ಎಎನ್‌ಸಿ ಹಾಕಿಕೊಂಡು 35 ಗಂಟೆ. ಕೊರತೆಗಳೂ ಇವೆ: ಮಡಚಲು ಬರಲ್ಲ, ಚೀಲ ಕೊಡಲ್ಲ, ಎಲ್‌ಡಿಎಸಿ (ಬ್ಲೂಟೂತಿನಲ್ಲಿ ಹಾಡನ್ನು ಹೆಚ್ಚು ಗುಣಮಟ್ಟದಲ್ಲಿ ಕಳಿಸೋ ವಿಧಾನ) ಇಲ್ಲ. ಎಲ್‌ಡಿಎಸಿ ಬೇಕೇ ಬೇಕೆಂದರೆ ಸೌಂಡ್‌ಕೋರ್ ಸ್ಪೇಸ್ ಒನ್ ನೋಡಿ, ಮಡಚಲೂ ಬರುತ್ತೆ; ಆದರೆ ತೂಕ 265 ಗ್ರಾಂ. ಸೆನ್‌ಹೈಸರ್ ಆಕ್ಸೆಂಟಮ್ ಸೇಲಿನಲ್ಲಿ ನಿಮ್ಮ ಬಜೆಟ್ಟಿಗೆ ಇಳಿದರೆ 50 ಗಂಟೆ ಬ್ಯಾಟರಿ ಸಿಗುತ್ತೆ. ಅದಕ್ಕೆ 3.5 ಎಂಎಂ ಜ್ಯಾಕ್ ಇಲ್ಲ ಅನ್ನೋದು ನೆನಪಿರಲಿ.

ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಎಲ್‌ಡಿಎಸಿಯ ವ್ಯತ್ಯಾಸ ಕೇಳಿಸೋದು ಕಷ್ಟ. ಅದನ್ನು ಗರಿಷ್ಠ ವೇಗ 990 ಕೆಬಿಪಿಎಸ್‌ಗೆ ಇಟ್ಟರೆ ಜನಸಂದಣಿಯಲ್ಲಿ ಹಾಡು ತುಂಡುತುಂಡಾಗುತ್ತೆ, ಆಗ 660ಕ್ಕೆ ಇಳಿಸಿ. ಐಫೋನಿನಲ್ಲಂತೂ ಎಲ್‌ಡಿಎಸಿ ಇಲ್ಲವೇ ಇಲ್ಲ, ಆ ಫೋನಿನವರು ಅದಕ್ಕಾಗಿ ದುಡ್ಡು ಸುರಿಯಬೇಡಿ.

ಮಂಗಳೂರಿನಿಂದ: ಮೀಟಿಂಗ್ ವಿಷಯ ಯಾರೂ ಹೇಳಲಿಲ್ಲ. ಬ್ಲೂಟೂತ್ ಹೆಡ್‌ಫೋನಿನ ಮೈಕ್ ಆನ್ ಆದ ಕೂಡಲೇ ವಿಂಡೋಸ್ ಸಾಮಾನ್ಯವಾಗಿ ಹ್ಯಾಂಡ್ಸ್‌ಫ್ರೀ ಮೋಡಿಗೆ ಹೋಗುತ್ತದೆ, ಆಗ ಧ್ವನಿ ಹಳೇ ಟೆಲಿಫೋನಿನ ಹಾಗೆ ಮಂಕಾಗುತ್ತದೆ. ಮಾಲು ಕೆಟ್ಟಿದೆ ಅಂದುಕೊಂಡು ವಾಪಸ್ ಮಾಡುವವರು ಬಹಳ. ಮಾಡಬೇಕಾದ್ದು ಇಷ್ಟೇ: ಮೀಟಿಂಗ್ ಆ್ಯಪಿನ ಸೆಟ್ಟಿಂಗಿನಲ್ಲಿ ಸ್ಪೀಕರ್‌ಗೆ ಹೆಡ್‌ಫೋನ್, ಮೈಕ್‌ಗೆ ಲ್ಯಾಪ್‌ಟಾಪಿನದ್ದು ಆರಿಸಿ. ಫೋನು, ಲ್ಯಾಪ್‌ಟಾಪು ಎರಡಕ್ಕೂ ಒಟ್ಟಿಗೆ ಜೋಡಿಸಲು ಮಲ್ಟಿಪಾಯಿಂಟ್ ಬೇಕು. ಹಳೆಯ ಸೋನಿ ಎಕ್ಸ್‌ಎಂ4 ಅಗ್ಗಕ್ಕೆ ಸಿಕ್ಕಿತೆಂದು ಹೋಗುವವರು ಗಮನಿಸಿ, ಅದರಲ್ಲಿ ಮಲ್ಟಿಪಾಯಿಂಟ್ ಹಾಕಿದರೆ ಎಲ್‌ಡಿಎಸಿ ಸಿಗುವುದಿಲ್ಲ.

ನ್ಯೂಜೆರ್ಸಿಯಿಂದ: 'ಬ್ಲ್ಯಾಕ್ ಫ್ರೈಡೇಲಿ ತಗೊಂಡು ಬಾ' ಅಂತ ಇಲ್ಲಿರೋ ನೆಂಟರಿಗೆ ಹೇಳೋ ಮುಂಚೆ ವಾರಂಟಿ ಕೇಳಿಕೊಳ್ಳಿ. ಬಹಳಷ್ಟು ಕಂಪನಿಗಳದ್ದು ಕೊಂಡ ದೇಶಕ್ಕೆ ಮಾತ್ರ. ಉಳಿಯೋದು ಒಂದೂವರೆ ಸಾವಿರವಾದರೆ ಆ ರಿಸ್ಕ್ ಬೇಡ ಅನ್ನಿಸುತ್ತೆ.

ಮತ್ತೆ ಬೆಂಗಳೂರಿನಿಂದ: ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿ ಆಗಲಿ ಆನ್‌ಲೈನ್ ಆಗಲಿ, ಡಬ್ಬ ತಿರುಗಿಸಿ ನೋಡಿ. ಎಂಆರ್‌ಪಿ, ತಯಾರಾದ ತಿಂಗಳು-ವರ್ಷ, ತಯಾರಕರ ಅಥವಾ ಆಮದುದಾರರ ವಿಳಾಸ ಇರುವ ಚೀಟಿ ಇರಲೇಬೇಕು. ಇಲ್ಲದಿದ್ದರೆ ಕಳ್ಳದಾರಿಯಲ್ಲಿ ಬಂದದ್ದು ಅಂತಲೇ ತಿಳಿಯಿರಿ, ವಾರಂಟಿ ಕೇಳೋಕೆ ಹೋಗಬೇಡಿ. 'ಆರ್-' ಅಂತ ಶುರುವಾಗುವ ಎಂಟು ಅಂಕಿಯ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು, ಬ್ರ್ಯಾಂಡ್ ಬರುತ್ತೆ; ಬ್ರ್ಯಾಂಡ್ ಡಬ್ಬದ ಮೇಲಿನದಕ್ಕೆ ಹೊಂದಬೇಕು. ತಯಾರಾಗಿ ಎರಡು ವರ್ಷ ಮೀರಿದ್ದರೆ ಇನ್ನಷ್ಟು ಕಡಿಮೆ ಮಾಡಿ ಅನ್ನಿ. ಗೋದಾಮಿನಲ್ಲಿ ಸುಮ್ಮನಿದ್ದರೂ ಬ್ಯಾಟರಿ ಸವೆಯುತ್ತೆ.

ಕೈಗೆ ಬಂದ ದಿನವೇ ಪರೀಕ್ಷೆ ಆಗಬೇಕು. ಪ್ಯಾಕೆಟ್ ಒಡೆಯೋದರಿಂದ ಹಿಡಿದು ಸೀರಿಯಲ್ ನಂಬರ್ ತೋರಿಸೋವರೆಗೆ ಕಟ್ ಮಾಡದೆ ವಿಡಿಯೊ ತೆಗೆಯಿರಿ. ಕಂಪನಿಯ ಆ್ಯಪ್ ಹಾಕಿ ಫರ್ಮ್‌ವೇರ್ ಅಪ್‌ಡೇಟ್ ಕೊಡಿ, ನಕಲಿ ಮಾಲು ಬಹುತೇಕ ಅಲ್ಲೇ ಸಿಕ್ಕಿಬೀಳುತ್ತೆ. ಸೀಲಿಂಗ್ ಫ್ಯಾನ್ ಪೂರ್ತಿ ಸ್ಪೀಡಿಗಿಟ್ಟು, ಹಾಡಿಲ್ಲದೆ ಎಎನ್‌ಸಿ ಆನ್-ಆಫ್ ಮಾಡಿ. ಎರಡೂ ಕಿವಿಯಲ್ಲಿ ಸದ್ದು ಒಂದೇ ಸಮ ಕುಗ್ಗಬೇಕು. ಒಂದು ಕಡೆ ಮಾತ್ರ ಕೀಚ್ ಅಂದರೆ, ಪ್ಯಾಡ್ ಸರಿಯಾಗಿ ಕೂರಿಸಿ ಇನ್ನೊಮ್ಮೆ ನೋಡಿ. ಆಗಲೂ ಬಂದರೆ ಬದಲಿಗೆ ಅರ್ಜಿ ಹಾಕಿ. ಕೆಲವಕ್ಕೆ ಏಳು ದಿನದೊಳಗೆ ಬದಲಿ ಮಾತ್ರ ಇರುತ್ತೆ, ದುಡ್ಡು ವಾಪಸ್ ಇಲ್ಲ; ಕೊಳ್ಳೋ ಮುಂಚೆಯೇ ಆ ಸಾಲು ಓದಿಕೊಂಡಿರಿ.