ಡ್ಯಾಶ್‌ಹಂಡ್ ನಾಯಿಗೆ ಹಿಂಗಾಲು ಸ್ವಾಧೀನ ತಪ್ಪಿದೆ: ಎಂಆರ್‌ಐ ಬೇಕೇ, ಸಿಟಿ ಸ್ಕ್ಯಾನ್ ಸಾಕೇ?

ಪ್ರಶ್ನೆ (ಮೈಸೂರಿನಿಂದ)

ನಮ್ಮ ಮನೆಯ ಡ್ಯಾಶ್‌ಹಂಡ್ ಗುಂಡನಿಗೆ ಆರು ವರ್ಷ. ಮೊನ್ನೆ ಸಂಜೆ ಸೋಫಾದಿಂದ ಇಳಿದವನು ಬೆನ್ನು ಗೂನಾಗಿಸಿಕೊಂಡು ನಡುಗುತ್ತಿದ್ದ. ಮರುದಿನ ಬೆಳಿಗ್ಗೆ ನೋಡಿದರೆ ಹಿಂಗಾಲುಗಳು ಒಂದಕ್ಕೊಂದು ತೊಡರುತ್ತಿದ್ದವು, ಪಾದ ಮಡಚಿಕೊಂಡು ಅದರ ಮೇಲ್ಭಾಗವೇ ನೆಲಕ್ಕೆ ಉಜ್ಜುತ್ತಿತ್ತು. ನಮ್ಮ ಪಶುವೈದ್ಯರು ಎಕ್ಸ್‌ರೇ ತೆಗೆದು, ಬೆನ್ನಿನ ನಡುಭಾಗದಲ್ಲಿ ಎರಡು ಮೂಳೆಗಳ ನಡುವಿನ ಅಂತರ ಕಿರಿದಾಗಿದೆ ಎಂದು ತೋರಿಸಿದರು. ಆದರೂ ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಲೇಬೇಕು ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ದೋಷ ಕಂಡ ಮೇಲೂ ಇನ್ನೊಂದು ಸ್ಕ್ಯಾನ್ ಏಕೆ ಬೇಕು? ಸಿಟಿ ಸ್ಕ್ಯಾನ್‌ನಲ್ಲಿ ಖರ್ಚೂ ಹೊತ್ತೂ ಕಡಿಮೆಯಂತೆ; ಅದು ಸಾಲದೇ? ಅರಿವಳಿಕೆ ಕೊಟ್ಟರೆ ನಾಯಿ ಎದ್ದೇಳುತ್ತದೋ ಇಲ್ಲವೋ ಎಂಬುದು ನಮ್ಮ ತಾಯಿಯವರ ಆತಂಕ.

ಉತ್ತರ (ಪಶುವೈದ್ಯೆ, ಬೆಂಗಳೂರು)

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಬೆನ್ನುಹುರಿ ಕಾಣುವುದಿಲ್ಲ. ಅಂತರ ಕಿರಿದಾಗಿರುವುದು ಸಂದೇಹಕ್ಕೆ ಆಧಾರವಾಗುತ್ತದೆಯೇ ಹೊರತು ಇಂದಿನ ತೊಂದರೆ ಅಲ್ಲಿಂದಲೇ ಬಂದಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ. ಏಕೆಂದರೆ ಡ್ಯಾಶ್‌ಹಂಡ್‌ನಂಥ ಗಿಡ್ಡಗಾಲಿನ ತಳಿಗಳಲ್ಲಿ ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳೊಳಗೆ ಸುಣ್ಣದಂಶ ಸೇರಿ ಅವು ಗಟ್ಟಿಯಾಗುವುದು ಒಂದೆರಡು ವರ್ಷದ ವಯಸ್ಸಿಗೇ ಶುರುವಾಗಿರುತ್ತದೆ, ಹಾಗಾಗಿ ಯಾವ ತೊಂದರೆಯೂ ಇಲ್ಲದ ನಾಯಿಯ ಎಕ್ಸ್‌ರೇಯಲ್ಲೂ ಇಂಥ ಗುರುತುಗಳು ಸಿಗಬಹುದು. ಗಟ್ಟಿಯಾದ ಡಿಸ್ಕ್ ಒಡೆದು ಒಳಗಿನ ಪದಾರ್ಥ ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುವುದನ್ನು ಹ್ಯಾನ್ಸನ್ ಒಂದನೆಯ ಬಗೆಯ ಡಿಸ್ಕ್ ಕಾಯಿಲೆ ಎಂದು ಕರೆಯುತ್ತೇವೆ. ಎದೆಯ ಭಾಗ ಮುಗಿದು ಸೊಂಟದ ಭಾಗ ಆರಂಭವಾಗುವ ಸಂಧಿಯ ಆಸುಪಾಸಿನಲ್ಲೇ ಇದು ಹೆಚ್ಚು. ಶಸ್ತ್ರಚಿಕಿತ್ಸಕರು ಮೂಳೆಯ ಒಂದು ಬದಿಯನ್ನು ಕೊರೆದು ಆ ಪದಾರ್ಥವನ್ನು ಹೊರತೆಗೆಯಬೇಕಾಗುತ್ತದೆ. ಯಾವ ಡಿಸ್ಕ್, ಎಡವೋ ಬಲವೋ ಎಂಬುದು ತಿಳಿಯದೆ ಕತ್ತರಿ ಹಿಡಿಯುವುದಕ್ಕಾಗುವುದಿಲ್ಲ.

ಸಿಟಿಯ ವಿಷಯದಲ್ಲಿ ನೀವು ಕೇಳಿದ್ದು ತಪ್ಪಲ್ಲ. ಸುಣ್ಣಗಟ್ಟಿದ ಪದಾರ್ಥ ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುವುದರಿಂದ, ಡ್ಯಾಶ್‌ಹಂಡ್‌ಗಳಲ್ಲಿ ಅನೇಕ ಸಲ ಅಷ್ಟರಿಂದಲೇ ಶಸ್ತ್ರಚಿಕಿತ್ಸೆಗೆ ಹೋಗಬಹುದು, ಸ್ಕ್ಯಾನ್ ಕೂಡ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಬೆನ್ನುಹುರಿಯೊಳಗಿನ ಬಾವು, ರಕ್ತಸ್ರಾವ, ಹುರಿಯೇ ಮೆತ್ತಗಾಗಿ ಕೊಳೆಯುತ್ತಿರುವ ಸ್ಥಿತಿ ಇವು ಎಂಆರ್‌ಐಯಲ್ಲೇ ಚೆನ್ನಾಗಿ ತಿಳಿಯುತ್ತವೆ. ಎರಡೂ ಸೌಲಭ್ಯ ಸಿಗುವಂತಿದ್ದರೆ ನಾನು ಎಂಆರ್‌ಐಯನ್ನೇ ಆರಿಸುತ್ತೇನೆ; ಅದಕ್ಕಾಗಿ ಹಲವು ದಿನ ಕಾಯಬೇಕೆಂದಾದರೆ ಇವತ್ತೇ ಸಿಗುವ ಸಿಟಿ ಮೇಲು.

ಇದೆಲ್ಲಕ್ಕಿಂತ ಮೊದಲು ಗುಂಡನ ಹಿಂಗಾಲಿಗೆ ಆಳವಾದ ನೋವಿನ ಅರಿವು ಇದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಕಾಲ್ಬೆರಳ ಮೂಳೆಯನ್ನು ಇಕ್ಕಳದಿಂದ ಒತ್ತಿದಾಗ ಕಾಲನ್ನು ಸೆಳೆದುಕೊಂಡರೆ ಸಾಲದು, ಮಿದುಳಿನ ಸಂಪರ್ಕ ಕಡಿದುಹೋಗಿದ್ದರೂ ಕಾಲು ತಾನಾಗಿ ಸೆಳೆದುಕೊಳ್ಳುತ್ತದೆ. ನಾಯಿ ತಿರುಗಿ ನೋಡಬೇಕು, ಕುಂಯ್‌ಗುಡಬೇಕು ಇಲ್ಲವೇ ಕಚ್ಚಲು ಬರಬೇಕು. ಆ ಅರಿವು ಉಳಿದಿರುವಾಗ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅದು ಹೋದ ಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಇನ್ನೊಂದು ಮಾತು ನಿಷ್ಠುರವಾದರೂ ಹೇಳಬೇಕು: ಏನೇ ಕಂಡರೂ ಶಸ್ತ್ರಚಿಕಿತ್ಸೆ ಮಾಡಿಸುವುದಿಲ್ಲವೆಂದು ಮನೆಯಲ್ಲಿ ಈಗಾಗಲೇ ತೀರ್ಮಾನವಾಗಿದ್ದರೆ, ಈ ಸ್ಕ್ಯಾನ್‌ನಿಂದ ಚಿಕಿತ್ಸೆಯಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ.

ಉತ್ತರ (ಸ್ಕ್ಯಾನಿಂಗ್ ತಂತ್ರಜ್ಞ)

ಅರಿವಳಿಕೆಯ ಬಗ್ಗೆ ನಾಲ್ಕು ಮಾತು. ಮನುಷ್ಯರಿಗಾದರೆ ‘ಅಲುಗಾಡಬೇಡಿ’ ಎಂದು ಹೇಳಬಹುದು. ನಾಯಿ ಎಂಆರ್‌ಐ ಯಂತ್ರದ ಸದ್ದಿನ ನಡುವೆ ಮುಕ್ಕಾಲು ಗಂಟೆ ಕದಲದೆ ಮಲಗಬೇಕೆಂದರೆ ಪೂರ್ಣ ಅರಿವಳಿಕೆಯಿಲ್ಲದೆ ಆಗದು. ಮೊದಲು ರಕ್ತಪರೀಕ್ಷೆ ಮಾಡಿ ಮೂತ್ರಪಿಂಡ, ಯಕೃತ್ತಿನ ಸ್ಥಿತಿ ನೋಡುತ್ತಾರೆ, ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸಲು ಹೇಳುತ್ತಾರೆ. ಶ್ವಾಸನಾಳಕ್ಕೆ ಕೊಳವೆ ಹಾಕಿ, ಆಮ್ಲಜನಕದ ಜೊತೆ ಐಸೋಫ್ಲುರೇನ್‌ನಂಥ ಅನಿಲ ಕೊಡುತ್ತಾ ನಾಡಿ, ಉಸಿರಾಟ, ರಕ್ತದೊತ್ತಡಗಳ ಮೇಲೆ ಕೊನೆಯವರೆಗೂ ಕಣ್ಣಿಟ್ಟಿರುತ್ತಾರೆ. ಆರೋಗ್ಯವಾಗಿರುವ ಆರು ವರ್ಷದ ನಾಯಿಯಲ್ಲಿ ಅಪಾಯ ಇಲ್ಲವೇ ಇಲ್ಲವೆಂದಲ್ಲ, ಬಹಳ ಕಡಿಮೆ. ಅರಿವಳಿಕೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಯಂತ್ರದ ಹೆಸರು ಕೇಳುವುದಕ್ಕಿಂತ ಇದು ಮುಖ್ಯ. ಕೊರಳಪಟ್ಟಿ, ಬಿಲ್ಲೆ ಏನಿದ್ದರೂ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಮೈಕ್ರೋಚಿಪ್ ಇದ್ದರೆ ತಿಳಿಸಿ. ಅದರಿಂದ ಸ್ಕ್ಯಾನ್‌ಗೆ ಅಡ್ಡಿಯಿಲ್ಲ, ಚಿಪ್ ಇರುವ ಕಡೆ ಚಿತ್ರ ಸ್ವಲ್ಪ ಕಪ್ಪಾಗುತ್ತದೆ ಅಷ್ಟೇ.

ಉತ್ತರ (ಮಂಗಳೂರಿನಿಂದ)

ನಮ್ಮ ಲ್ಯಾಬ್ರಡಾರ್ ಓಡುತ್ತಿದ್ದಾಗಲೇ ಒಮ್ಮೆ ಕಿರುಚಿ ಕುಸಿಯಿತು. ಆಮೇಲೆ ನೋವಿನ ಸುಳಿವೇ ಇಲ್ಲ, ಆದರೆ ಬಲಗಾಲು ಪೂರ್ತಿ ಸತ್ತಂತಿತ್ತು. ಎಲ್ಲರೂ ಡಿಸ್ಕ್ ಎಂದೇ ಅಂದುಕೊಂಡಿದ್ದರು. ಎಂಆರ್‌ಐ ಆದ ಮೇಲೆ, ಡಿಸ್ಕಿನ ಮೆದು ಎಲುಬಿನ ಚೂರು ರಕ್ತನಾಳಕ್ಕೆ ಸೇರಿ ಬೆನ್ನುಹುರಿಗೆ ರಕ್ತ ಹರಿಯುವುದು ನಿಂತಿದೆ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ ಎಂದರು. ಫಿಸಿಯೋಥೆರಪಿಯಲ್ಲೇ ಚೇತರಿಸಿಕೊಂಡಿತು. ಹಾಗಾಗಿ ನನ್ನ ಮತ ಎಂಆರ್‌ಐ ಕಡೆಗೆ.

ಪ್ರಶ್ನೆ ಕೇಳಿದವರು

ಕಾಲ್ಬೆರಳು ಒತ್ತಿದಾಗ ಗುಂಡ ವೈದ್ಯರ ಕೈಗೇ ಬಾಯಿ ಹಾಕಿದ್ದ. ಈಗ ಅದರ ಅರ್ಥ ತಿಳಿಯಿತು. ನಾಳೆಗೆ ಎಂಆರ್‌ಐ ಸಮಯ ಸಿಕ್ಕಿದೆ. ಅಲ್ಲಿಯವರೆಗೆ ನೋವಿಗೆ ಮನೆಯಲ್ಲಿರುವ ಮಾತ್ರೆ ಕೊಡಬಹುದೇ?

ಉತ್ತರ (ಪಶುವೈದ್ಯೆ, ಬೆಂಗಳೂರು)

ಬೇಡ. ಮನುಷ್ಯರ ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಗಳಲ್ಲಿ ಹೊಟ್ಟೆಹುಣ್ಣನ್ನೂ ಮೂತ್ರಪಿಂಡದ ತೊಂದರೆಯನ್ನೂ ತರುತ್ತವೆ, ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಕರುಳೇ ತೂತಾಗಬಹುದು. ನೋವಿನ ಔಷಧಿಯನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ಮಂಗಳೂರಿನವರು ಹೇಳಿದ ಸ್ಥಿತಿ ದೊಡ್ಡ ತಳಿಗಳಲ್ಲೇ ಹೆಚ್ಚು. ಬೆನ್ನು ಮುಟ್ಟಿದರೆ ನೋಯುವ ಡ್ಯಾಶ್‌ಹಂಡ್‌ನಲ್ಲಿ ಅದರ ಸಾಧ್ಯತೆ ಕಡಿಮೆ. ಗುಂಡನನ್ನು ಹೊರಳಲು ಜಾಗವಿದ್ದು ಓಡಾಡಲಾಗದಷ್ಟು ಚಿಕ್ಕ ಪಂಜರದಲ್ಲಿಡಿ, ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಇರಲಿ, ಬೆನ್ನು ಬಾಗಬಾರದು. ಮೂತ್ರ ಮಾಡಿದನೇ ಎಂದು ಗಮನಿಸಿ. ರಾತ್ರಿಯಿಡೀ ಮಾಡದಿದ್ದರೆ, ಅಥವಾ ಕಾಲಾಡಿಸುವುದೇ ನಿಂತುಹೋದರೆ, ನಾಳೆಯ ಸಮಯಕ್ಕೆ ಕಾಯದೆ ಕೂಡಲೇ ಹೊರಡಿ.