ಭಾಗಮಂಡಲಕ್ಕೂ ಕುಶಾಲನಗರಕ್ಕೂ ಒಂದೇ ನೀರಿನ ಪಾಠ ಆಗುತ್ತದೆಯೇ?

ಶಾಲೆಯಂಗಳ: ಕೊಡಗಿನ ಹತ್ತು ಶಾಲೆಗಳ 6, 7ನೇ ತರಗತಿಗೆ ನೀರು-ಮಣ್ಣಿನ ಚಟುವಟಿಕೆ ರೂಪಿಸಬೇಕಿದೆ. ಭಾಗಮಂಡಲದ ಕಡೆ ಕಕ್ಕಡದಲ್ಲಿ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಬಿಡುವುದೇ ಇಲ್ಲ, ಕುಶಾಲನಗರದ ಕಡೆ ಬೇಸಿಗೆಯಲ್ಲಿ ನೀರಿನದೇ ಚಿಂತೆ. ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ. ಎಲ್ಲ ಕಡೆಯೂ ಇಂಗುಗುಂಡಿ ತೋಡಿಸಬಹುದೇ?

ಬಾಣೆಮಣ್ಣು: ದಯವಿಟ್ಟು ಬೇಡ. ಕಡಿದಾದ ಬರೆಯ (ಗುಡ್ಡದ ಇಳಿಜಾರಿನ) ಮೇಲೆ ಗುಂಡಿ ತೋಡಿದರೆ ನೀರು ಒಳಗಿಳಿದು ಮಣ್ಣಿನ ಭಾರ ಹೆಚ್ಚುತ್ತದೆ, ಕಣಗಳ ಹಿಡಿತ ಸಡಿಲವಾಗುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಮಕ್ಕಳಿಗೆ ಮೊದಲು ಹೇಳಬೇಕು. ಅಲ್ಲಿ ನೀರು ಸರಾಗ ಹರಿದುಹೋಗುವ ಚರಂಡಿ, ಲಾವಂಚದ ಸಾಲು. ಗುಂಡಿ ಏನಿದ್ದರೂ ಕುಶಾಲನಗರದ ಸಮತಟ್ಟು ನೆಲಕ್ಕೆ. ಎಲ್ಲ ಶಾಲೆಗೂ ಒಂದೇ ಇರಬೇಕಾದದ್ದು ಅಳತೆ. ಪರಿಹಾರವನ್ನು ಆಯಾ ಊರಿನ ನೆಲ ನೋಡಿ ಹುಡುಕಲಿ.

ಹೂಮಳೆ: ಹೌದು, ಮಳೆಮಾಪಕದಿಂದ ಶುರುಮಾಡಿ. ನೇರ ಗೋಡೆಯ 2 ಲೀಟರ್ ಬಾಟಲಿ ಬೇಕು. ನಡು ಸಣ್ಣಗಿರುವುದು ತಪ್ಪು ಲೆಕ್ಕ ಕೊಡುತ್ತದೆ. ಕುತ್ತಿಗೆ ಕಿರಿದಾಗುವಲ್ಲಿ ಕತ್ತರಿಸಿ, ಮೇಲ್ಭಾಗವನ್ನು ಆಲಿಕೆಯಂತೆ ಮಗುಚಿಡಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು, ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ. ಸಿಲ್ವರ್ ಓಕ್ ಕೆಳಗೆ ಇಡಬೇಡಿ: ಮರದ ಎತ್ತರದ ಎರಡರಷ್ಟು ದೂರವಿರಲಿ. ಓದುವುದು ಬೆಳಿಗ್ಗೆ 8.30ಕ್ಕೆ. ಬೇಸಿಗೆಯಲ್ಲಿ ನೀರು ಆರಿ ಸೊನ್ನೆ ಕೆಳಗಿಳಿಯುತ್ತದೆ, ಪ್ರತಿದಿನ ಸರಿಪಡಿಸಿ.

ತೋಟದ ಮನೆಗಳಲ್ಲಿ ಮಳೆ ಲೆಕ್ಕ ಇಂಚು-ಸೆಂಟಿನಲ್ಲಿರುತ್ತದೆ. 1 ಇಂಚು ಎಂದರೆ 100 ಸೆಂಟು, 25.4 ಮಿ.ಮೀ. ಹಳೆಯ ಡೈರಿ ಸಿಕ್ಕರೆ ಗಣಿತದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕ ಬೇಡ.

ಶಾಲೆಯಂಗಳ: ಬಾಟಲಿ ತುಂಬಿ ಹರಿದರೆ? ಮಳೆ ರಜೆ ಕೊಟ್ಟರೆ?

ಹೂಮಳೆ: ಜೋರು ಮಳೆಯ ದಿನ ಸಂಜೆಯೂ ಓದಿ ಖಾಲಿ ಮಾಡಿ, ಎರಡನ್ನೂ ಕೂಡಿಸಿ. ಆದರೂ ಹರಿದರೆ 'ಇಷ್ಟಕ್ಕಿಂತ ಹೆಚ್ಚು' ಎಂದೇ ಬರೆಯಲಿ, ಊಹೆ ಬೇಡ. ರಜೆಯ ದಿನಗಳೇ ಹೆಚ್ಚು ಮಳೆಯ ದಿನಗಳು. ಅವು ತಪ್ಪಿದರೆ ಇಡೀ ತಿಂಗಳ ಮೊತ್ತ ಸುಳ್ಳಾಗುತ್ತದೆ. ಶಾಲೆಯ ಹತ್ತಿರದ ಮನೆಯಲ್ಲಿ ಇನ್ನೊಂದು ಮಾಪಕ ಇಡಿ.

ಕೆರೆಏರಿ: ಮುಂದಿನ ಹಂತ ಚಾವಣಿ ಲೆಕ್ಕ. 1 ಚದರ ಮೀಟರಿಗೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. 50 ಚದರ ಮೀಟರ್ ಚಾವಣಿಗೆ 10 ಮಿ.ಮೀ. ಬಿದ್ದರೆ 500 ಲೀಟರ್. ಸೋರಿದ್ದು, ಸಿಡಿದದ್ದು ಕಳೆದು 400 ಹಿಡಿಯಿರಿ.

ಭಾಷೆಯ ವಿಷಯ: ಮಳೆ, ಮಣ್ಣು, ತೋಡು (ಸಣ್ಣ ಹಳ್ಳ), ಇಳಿಜಾರಿಗೆ ಪ್ರತಿ ಮನೆಮಾತಿನ ಪದವನ್ನೂ ಗೋಡೆಪಟ್ಟಿಯಲ್ಲಿ ಬರೆಸಿ. ಕಾಫಿ ಕೊಯ್ಲಿಗೆ ಬಂದ ಕುಟುಂಬಗಳ ಮಕ್ಕಳು ನಡುವೆ ಊರು ಬಿಡುತ್ತಾರೆ, ಹಾಗಾಗಿ ದಾಖಲೆ ಪುಸ್ತಕ ಒಬ್ಬರ ಕೈಯಲ್ಲಿರದೆ ನಾಲ್ವರ ಗುಂಪಿನದ್ದಾಗಿರಲಿ.